ಮಡಿಕೇರಿಯ ವಾರದ ಹವಾಮಾನ ಮುನ್ನೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಗದ್ದೆ ನಾಟಿಗೆ ಆಳು ಕರೆಯುವುದರಿಂದ ಹಿಡಿದು ಮಕ್ಕಳನ್ನು ಶಾಲೆಗೆ ಕಳುಹಿಸುವವರೆಗೆ, ಮಡಿಕೇರಿ ಮತ್ತು ಸುತ್ತಲಿನ ಹಳ್ಳಿಗಳ ಬಹಳಷ್ಟು ತೀರ್ಮಾನಗಳು ವಾರದ ಮಳೆಯ ಲೆಕ್ಕವನ್ನು ನೋಡಿಯೇ ಆಗುತ್ತವೆ. ಮುನ್ಸೂಚನೆ ಈಗ ಎಲ್ಲರ ಮೊಬೈಲಿಗೂ ಬರುತ್ತದೆ. ಆದರೆ ಅದು ಇಡೀ ಜಿಲ್ಲೆಗೆ ಬರೆದ ಮಾತು ಎಂಬುದನ್ನು ನೆನಪಿಟ್ಟು, ನಮ್ಮ ಊರಿನಲ್ಲಿ ಈಗಾಗಲೇ ಸುರಿದಿರುವ ಮಳೆಯ ಜೊತೆ ಸೇರಿಸಿ ಓದಿದಾಗ ಮಾತ್ರ ಅದರ ಪೂರ್ಣ ಪ್ರಯೋಜನ ಸಿಗುತ್ತದೆ. ಕೆಳಗಿನ ಉತ್ತರಗಳನ್ನು ಈ ದೃಷ್ಟಿಯಿಂದಲೇ ಬರೆಯಲಾಗಿದೆ.

ವಾರದ ಮುನ್ನೋಟವನ್ನು ಯಾರು ಕೊಡುತ್ತಾರೆ?

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರವು ಕೊಡಗು ಸೇರಿದಂತೆ ರಾಜ್ಯದ ಪ್ರತಿಯೊಂದು ಜಿಲ್ಲೆಗೂ ಮುಂದಿನ ದಿನಗಳ ಮುನ್ಸೂಚನೆಯನ್ನು ದಿನನಿತ್ಯ ಪರಿಷ್ಕರಿಸಿ ಪ್ರಕಟಿಸುತ್ತದೆ. ಮುಂದಿನ ಎರಡರಿಂದ ನಾಲ್ಕು ವಾರಗಳ ಒಟ್ಟಾರೆ ಪ್ರವೃತ್ತಿಯನ್ನು ಹೇಳುವ ದೀರ್ಘಾವಧಿಯ ಮುನ್ನೋಟ ಪ್ರತಿ ಗುರುವಾರ ಬರುತ್ತದೆ. ಕೃಷಿಕರಿಗಾಗಿ ಸಿದ್ಧಪಡಿಸುವ ಸಲಹಾ ಪತ್ರಿಕೆ ಮಂಗಳವಾರ ಮತ್ತು ಶುಕ್ರವಾರ ಹೊರಬರುತ್ತದೆ. ಇದರ ಜೊತೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ಇಟ್ಟಿದೆ. ಮುಂದೆ ಎಷ್ಟು ಮಳೆ ಬಂದೀತು ಎಂಬುದಕ್ಕೆ ಮೊದಲನೆಯದನ್ನೂ, ಈವರೆಗೆ ಎಷ್ಟು ಬಿದ್ದಿದೆ ಎಂಬುದಕ್ಕೆ ಎರಡನೆಯದನ್ನೂ ನೋಡುವುದು ಒಳ್ಳೆಯ ಅಭ್ಯಾಸ.

ಏಳು ದಿನಗಳ ಮುನ್ಸೂಚನೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಮೊದಲ ಎರಡು ಮೂರು ದಿನಗಳ ಮಾತನ್ನು ನಂಬಿ ಕೆಲಸ ಹೂಡಬಹುದು. ನಾಲ್ಕು ಮತ್ತು ಐದನೆಯ ದಿನದ ಮಾತು ದಿಕ್ಕನ್ನು ತೋರಿಸುತ್ತದೆ, ಅಂದರೆ ಮಳೆ ಏರುವುದೋ ಇಳಿಯುವುದೋ ಎಂಬುದನ್ನು ಹೇಳುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಆರು ಮತ್ತು ಏಳನೆಯ ದಿನಕ್ಕೆ ಕೊಟ್ಟಿರುವ ಮಿಲಿಮೀಟರ್ ಲೆಕ್ಕವನ್ನು ಹಿಡಿದುಕೊಂಡು ಮದುವೆಯ ಚಪ್ಪರದ ತೀರ್ಮಾನ ಮಾಡುವುದು ಸರಿಯಲ್ಲ. ಪ್ರತಿದಿನ ಹೊಸ ಮುನ್ಸೂಚನೆಯನ್ನು ನೋಡಿ ಹಳೆಯದನ್ನು ಬಿಡಬೇಕು. ಇನ್ನೊಂದು ಸಣ್ಣ ವಿಷಯವನ್ನೂ ಗಮನಿಸಬೇಕು. ಇಲಾಖೆಯ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನದಲ್ಲ, ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನದು. ಆದ್ದರಿಂದ ಮಂಗಳವಾರ ಬೆಳಿಗ್ಗೆ ದಾಖಲಾದ ಮಳೆಯಲ್ಲಿ ಹೆಚ್ಚಿನ ಪಾಲು ಸೋಮವಾರದ್ದೇ ಆಗಿರುತ್ತದೆ.

‘ಕೆಲವು ಕಡೆ’, ‘ಬಹುತೇಕ ಕಡೆ’ ಎಂಬ ಮಾತುಗಳಿಗೆ ನಿಶ್ಚಿತ ಅರ್ಥವಿದೆಯೇ?

ಇದೆ. ಒಂದು ಪ್ರದೇಶದಲ್ಲಿರುವ ಮಳೆ ಮಾಪನ ಕೇಂದ್ರಗಳ ಪೈಕಿ ಶೇ 25ರಷ್ಟು ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆಯಾಗುವುದಿದ್ದರೆ ‘ಒಂದೆರಡು ಕಡೆ’, ಶೇ 26ರಿಂದ 50ರವರೆಗೆ ‘ಕೆಲವು ಕಡೆ’, ಶೇ 51ರಿಂದ 75ರವರೆಗೆ ‘ಹಲವು ಕಡೆ’, ಅದಕ್ಕೂ ಮೇಲ್ಪಟ್ಟರೆ ‘ಬಹುತೇಕ ಕಡೆ’ ಎಂದು ಬರೆಯುತ್ತಾರೆ. ಏಪ್ರಿಲ್‌ನಲ್ಲಿ ‘ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂದಿದ್ದು ನಾಪೋಕ್ಲುವಿನಲ್ಲಿ ಸುರಿದು ಮಡಿಕೇರಿಯಲ್ಲಿ ಹನಿಯೂ ಬೀಳದೆ ಹೋದರೆ ಮುನ್ಸೂಚನೆ ತಪ್ಪಿತೆಂದು ಹೇಳುವಂತಿಲ್ಲ.

ಮುನ್ಸೂಚನೆಯ ಮಿಲಿಮೀಟರನ್ನು ತೋಟದ ಇಂಚು-ಸೆಂಟಿನ ಲೆಕ್ಕಕ್ಕೆ ತರುವುದು ಹೇಗೆ?

ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲೇ ಬರೆದಿಡುತ್ತಾರೆ. ಒಂದು ಇಂಚಿಗೆ ನೂರು ಸೆಂಟು, ಅಂದರೆ 25.4 ಮಿಲಿಮೀಟರ್. ಇಲಾಖೆಯ ಪ್ರಕಾರ 24 ಗಂಟೆಗಳಲ್ಲಿ 15.6ರಿಂದ 64.4 ಮಿಲಿಮೀಟರ್‌ವರೆಗೆ ಬಿದ್ದರೆ ಸಾಧಾರಣ ಮಳೆ, 64.5ರಿಂದ 115.5ರವರೆಗೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ, ಅದನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ತೋಟದ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ ಇಂಚು ದಾಟಿದಾಗ ಭಾರಿ, ನಾಲ್ಕೂವರೆ ದಾಟಿದಾಗ ಅತಿ ಭಾರಿ, ಎಂಟು ಇಂಚು ದಾಟಿದಾಗ ಅತ್ಯಂತ ಭಾರಿ ಮಳೆಯಾಗುತ್ತದೆ. ನೂರು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆ ನೆಲದ ಮೇಲೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಮನೆಯ ಹಿಂದಿನ ಚರಂಡಿ ಇಷ್ಟು ನೀರಿಗೆ ಸಾಲುತ್ತದೆಯೇ ಎಂದು ಜೂನ್‌ಗಿಂತ ಮೊದಲೇ ನೋಡಿಕೊಳ್ಳಬೇಕು.

ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳ ವ್ಯತ್ಯಾಸವೇನು?

ಹಳದಿ ಎಂದರೆ ಸುದ್ದಿಯ ಮೇಲೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ. ಬಣ್ಣವನ್ನು ನಿಶ್ಚಯಿಸುವಾಗ ಮಳೆಯ ಪ್ರಮಾಣದ ಜೊತೆಗೆ ಅದು ಸಂಭವಿಸುವ ಸಾಧ್ಯತೆ ಎಷ್ಟು, ಅದರಿಂದ ಆಗಬಹುದಾದ ಪರಿಣಾಮವೇನು ಎಂಬುದನ್ನೂ ಪರಿಗಣಿಸುತ್ತಾರೆ. ಮಳೆಗಾಲದಲ್ಲಿ ಕೊಡಗಿಗೆ ಹಳದಿ ಎಚ್ಚರಿಕೆ ಎಷ್ಟು ಸಾಮಾನ್ಯವೆಂದರೆ ಅನೇಕರು ಅದನ್ನು ಓದುವುದನ್ನೇ ಬಿಟ್ಟಿದ್ದಾರೆ. ಇದು ನನಗೆ ಆತಂಕ ತರುವ ಸಂಗತಿ. ಹಳದಿ ಎಚ್ಚರಿಕೆ ಒಂದೇ ದಿನ ಬಂದು ಹೋಗುವುದಕ್ಕೂ, ಆರು ದಿನ ಬಿಡದೆ ಇರುವುದಕ್ಕೂ ಬಹಳ ವ್ಯತ್ಯಾಸವಿದೆ.

ಮಡಿಕೇರಿಯಲ್ಲಿ ಕೊಡೆ ಬಿಡುವಂತಿಲ್ಲ, ಕುಶಾಲನಗರದಲ್ಲಿ ಬಿಸಿಲು. ಒಂದೇ ಜಿಲ್ಲೆಯಲ್ಲಿ ಹೀಗೇಕೆ?

ಮುನ್ಸೂಚನೆಯನ್ನು ಓದುವವರು ಮೊದಲು ತಿಳಿದಿರಬೇಕಾದದ್ದು ಇದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಪಶ್ಚಿಮದ ಗಾಳಿ ಕರಾವಳಿಯನ್ನು ದಾಟಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದ ಗಾಳಿ ತಣ್ಣಗಾಗಿ, ಅದರಲ್ಲಿನ ನೀರಾವಿ ಹನಿಗಟ್ಟಿ ಸುರಿಯುತ್ತದೆ. ಈ ಗಾಳಿಯ ಅತ್ಯಂತ ಬಲವಾದ ಪದರ ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುತ್ತದೆ. ತಲಕಾವೇರಿಯ ಬ್ರಹ್ಮಗಿರಿ, 1,748 ಮೀಟರ್ ಎತ್ತರದ ತಡಿಯಂಡಮೋಳ್, ಉತ್ತರದಲ್ಲಿ ಪುಷ್ಪಗಿರಿ ಈ ಗಾಳಿಗೆ ನೇರವಾಗಿ ಅಡ್ಡ ನಿಂತಿವೆ. ಹೀಗಾಗಿ ಭಾಗಮಂಡಲ, ತಲಕಾವೇರಿ, ಶಾಂತಳ್ಳಿಯ ಭಾಗಗಳಿಗೆ ಮಳೆಯ ದೊಡ್ಡ ಪಾಲು ಸಿಗುತ್ತದೆ. ಮಡಿಕೇರಿಯ ವಾರ್ಷಿಕ ಮಳೆ ಮೂರು ಸಾವಿರ ಮಿಲಿಮೀಟರನ್ನು ಮೀರುತ್ತದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರ ತಲುಪುವಷ್ಟರಲ್ಲಿ ಗಾಳಿ ತನ್ನ ತೇವದ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಅಲ್ಲಿನ ವಾರ್ಷಿಕ ಮಳೆ ಮಡಿಕೇರಿಯದರ ಅರ್ಧಕ್ಕಿಂತಲೂ ಕಡಿಮೆ.

ಇದರಿಂದಾಗಿ ಜಿಲ್ಲೆಗೆ ಕೊಟ್ಟ ಒಂದೇ ಅಂಕಿಯನ್ನು ಎಲ್ಲೆಡೆಯೂ ಒಂದೇ ರೀತಿ ಓದಲಾಗದು. ಗಾಳಿ ಬಲವಾಗಿರುವ ವಾರದಲ್ಲಿ ‘ಕೊಡಗಿನ ಒಂದೆರಡು ಕಡೆ ಅತಿ ಭಾರಿ ಮಳೆ’ ಎಂದಿದ್ದರೆ ಆ ಒಂದೆರಡು ಕಡೆಗಳು ಹೆಚ್ಚಾಗಿ ಪಶ್ಚಿಮದ ಬೆಟ್ಟಸಾಲಿನಲ್ಲೇ ಇರುತ್ತವೆ ಎಂದು ಭಾವಿಸಬಹುದು. ಬೇಸಿಗೆಯ ಗುಡುಗು ಮಳೆಗೆ ಈ ಲೆಕ್ಕ ಹಿಡಿಯುವುದಿಲ್ಲ. ಅದು ಸೋಮವಾರಪೇಟೆಯಲ್ಲಿ ಸುರಿದು ಭಾಗಮಂಡಲವನ್ನು ಬಿಡಬಹುದು.

ಮಳೆಗಾಲದ ನಡುವೆಯೇ ಒಂದು ವಾರ ಜಡಿ ಹಿಡಿದು, ಮರುವಾರ ಬಿಡುವು ಕೊಡುವುದಕ್ಕೆ ಕಾರಣವೇನು?

ಕಾರಣ ಹಲವು ಬಾರಿ ಕೊಡಗಿನಿಂದ ಬಹುದೂರದಲ್ಲಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿ ಒಡಿಶಾದ ಕಡೆಗೆ ಸರಿದಾಗ ಅದು ಪಶ್ಚಿಮದ ಗಾಳಿಯನ್ನು ಇನ್ನಷ್ಟು ಬಲವಾಗಿ ಎಳೆದುಕೊಳ್ಳುತ್ತದೆ, ಆಗ ನಮ್ಮ ಘಟ್ಟದಲ್ಲಿ ಮಳೆ ಏರುತ್ತದೆ. ಗುಜರಾತಿನಿಂದ ಕೇರಳದವರೆಗೆ ಕರಾವಳಿಗೆ ಹೊಂದಿಕೊಂಡಂತೆ ಕಡಿಮೆ ಒತ್ತಡದ ಪಟ್ಟಿ ಏರ್ಪಟ್ಟಾಗಲೂ ಹಾಗೆಯೇ. ಉತ್ತರ ಭಾರತದ ಬಯಲಿನ ಮೇಲೆ ಹರಡಿರುವ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿದಾಗ ದೇಶದ ಬಹುಭಾಗದಲ್ಲಿ ಮಳೆ ತಗ್ಗುತ್ತದೆ, ಇಲ್ಲಿಯೂ ಬಿಸಿಲು ಕಾಣಿಸುತ್ತದೆ. ಆದ್ದರಿಂದ ವಾರದ ಮುನ್ನೋಟದ ಪೀಠಿಕೆಯಲ್ಲಿ ಬರುವ ಬಂಗಾಳ ಕೊಲ್ಲಿಯ ವಿವರವನ್ನು ದಾಟಿಹೋಗದೆ ಓದುವುದು ಒಳಿತು. ನಮಗೆ ನಾಲ್ಕೈದು ದಿನ ಮುಂಚಿತವಾಗಿ ಸಿಗುವ ಸುಳಿವು ಅಲ್ಲಿದೆ.

ಯಾವ ಮುನ್ಸೂಚನೆ ಬಂದಾಗ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿತದ ಬಗ್ಗೆ ಎಚ್ಚರ ವಹಿಸಬೇಕು?

ಮುನ್ಸೂಚನೆಯೊಂದನ್ನೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. 2018ರ ಆಗಸ್ಟ್ ಮಧ್ಯಭಾಗದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಭಾಗಗಳಲ್ಲಿ ಬೆಟ್ಟಗಳು ಜರಿದಾಗ ಆ ವರ್ಷದ ಜೂನ್‌ನಿಂದಲೇ ಸುರಿದ ಮಳೆಯಿಂದ ನೆಲ ನೀರು ಕುಡಿದು ತುಂಬಿತ್ತು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯಲ್ಲಿ ಸಂಭವಿಸಿದ ದುರಂತಗಳ ಹಿಂದೆ ಕೆಲವೇ ದಿನ ಎಡೆಬಿಡದೆ ಸುರಿದ ಮಳೆ ಇತ್ತು. ಅಂದರೆ ಮುಂಗಾರು ತಡವಾಗಿ ಬಂದ ವರ್ಷ ನಿಶ್ಚಿಂತೆ ಎಂದು ತಿಳಿಯುವಂತಿಲ್ಲ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ಒತ್ತಡ ಹೆಚ್ಚಿದಾಗ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದಿಡುವ ಬಲ ಕುಂದುತ್ತದೆ. ಇಳಿಜಾರನ್ನು ಮನೆಗೋ ರಸ್ತೆಗೋ ರೆಸಾರ್ಟಿಗೋ ನೆಟ್ಟಗೆ ಕತ್ತರಿಸಿದಲ್ಲಿ, ಮಳೆನೀರಿನ ಸಹಜ ದಾರಿಯನ್ನು ಮುಚ್ಚಿದಲ್ಲಿ ಅದು ಮೊದಲು ಸೋಲುತ್ತದೆ.

ಹೀಗಾಗಿ ಕಳೆದ ಮೂರು ದಿನಗಳ ಮಳೆ, ಕಳೆದ ಏಳು ದಿನಗಳ ಮಳೆ, ಮುಂದಿನ ಎರಡು ದಿನಗಳ ಮುನ್ಸೂಚನೆ, ಈ ಮೂರನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒಣಗಿದ ನೆಲಕ್ಕೆ ಬೀಳುವ ನಾಲ್ಕು ಇಂಚು ಮಳೆ ಬಹುಮಟ್ಟಿಗೆ ಇಂಗಿಹೋದೀತು. ಏಳು ದಿನಗಳಲ್ಲಿ ಇಪ್ಪತ್ತು ಇಂಚು ಕುಡಿದ ನೆಲಕ್ಕೆ ಬೀಳುವ ಅದೇ ನಾಲ್ಕು ಇಂಚು ಅಪಾಯಕಾರಿ.

ನೆಲ ಕೊಡುವ ಸೂಚನೆಗಳನ್ನೂ ಗಮನಿಸಬೇಕು. ಅಂಗಳದಲ್ಲಿ ಅಥವಾ ಮನೆಯ ಮೇಲ್ಭಾಗದ ತೋಟದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಎಂದೂ ಇಲ್ಲದ ಕಡೆ ಒರತೆ, ತೋಡಿನ ನೀರು ಏಕಾಏಕಿ ಕೆಂಪಾಗುವುದು ಅಥವಾ ಮಳೆ ಸುರಿಯುತ್ತಿದ್ದರೂ ತಗ್ಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಎಚ್ಚರಿಕೆಯ ಬಣ್ಣಕ್ಕಾಗಿ ಕಾಯದೆ ಮನೆ ಬಿಡಬೇಕು. ಹೊರಡುವುದು ಕತ್ತಲಾಗುವ ಮುನ್ನವೇ ಆಗಬೇಕು, ಏಕೆಂದರೆ ರಾತ್ರಿ ಕರೆಂಟು ಹೋಗಿ ರಸ್ತೆಗೆ ಮರ ಬಿದ್ದ ಮೇಲೆ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಕಾಳಜಿ ಕೇಂದ್ರ ತಲುಪುವುದು ಬಹಳ ಕಷ್ಟ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ತುರ್ತು ಸೇವೆಯ 112 ಸಂಖ್ಯೆಗಳು ಮನೆಯ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ.

ಕುಶಾಲನಗರದಲ್ಲಿ ಮಳೆ ಇಲ್ಲದಿರುವಾಗ ಪ್ರವಾಹದ ಎಚ್ಚರಿಕೆ ಏಕೆ?

ನದಿ ಪಾತ್ರದ ಊರುಗಳು ತಮ್ಮ ಊರಿನ ಮಳೆಗಿಂತ ಮೇಲಿನ ಊರುಗಳ ಮಳೆಯನ್ನು ನೋಡಬೇಕು. ಭಾಗಮಂಡಲ, ನಾಪೋಕ್ಲು ಕಡೆಯ ನೀರು ಬೇತ್ರಿ, ಸಿದ್ದಾಪುರ ಬಳಿಯ ಕರಡಿಗೋಡುಗಳನ್ನು ಹಾದು ಕಾವೇರಿಯಲ್ಲಿ ಬರುತ್ತದೆ. ಮಡಿಕೇರಿಯ ಈಶಾನ್ಯ ಭಾಗದ ಕಣಿವೆಗಳ ನೀರು ಹಾರಂಗಿ ಜಲಾಶಯ ಸೇರುತ್ತದೆ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ. ಮಟ್ಟ ಅದರ ಸಮೀಪ ಇರುವಾಗ ಪಶ್ಚಿಮದಲ್ಲಿ ಅತಿ ಭಾರಿ ಮಳೆಯ ಮುನ್ಸೂಚನೆ ಇದ್ದರೆ ನದಿಗೆ ಬಿಡುವ ನೀರು ಹೆಚ್ಚುತ್ತದೆ, ಆ ನೀರು ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುತ್ತದೆ. 2018 ಮತ್ತು 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಅಲ್ಲಿನವರು ಮರೆತಿಲ್ಲ.

ಕೆಂಪು ಎಚ್ಚರಿಕೆ ಬಂದರೆ ಶಾಲೆಗೆ ರಜೆ ತಾನಾಗಿ ಸಿಗುತ್ತದೆಯೇ?

ಇಲ್ಲ. ರಜೆಯನ್ನು ಘೋಷಿಸುವವರು ಜಿಲ್ಲಾಧಿಕಾರಿ; ಹವಾಮಾನ ಇಲಾಖೆಯ ಎಚ್ಚರಿಕೆ ಅದಕ್ಕೆ ಒಂದು ಆಧಾರ ಮಾತ್ರ.

ಮೊಬೈಲ್ ಆ್ಯಪ್ ಒಂದು ಹೇಳುತ್ತದೆ, ಇಲಾಖೆ ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬಬೇಕು?

ಗಂಟೆಗಂಟೆಗೂ ಮೋಡದ ಚಿತ್ರ ತೋರಿಸುವ ಆ್ಯಪ್‌ಗಳು ಸಾಮಾನ್ಯವಾಗಿ ಕಂಪ್ಯೂಟರ್ ಮಾದರಿಯ ಲೆಕ್ಕವನ್ನು ನೇರವಾಗಿ ತೆರೆಯ ಮೇಲೆ ಇಡುತ್ತವೆ. ಮಾದರಿ ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಚೌಕ ದೊಡ್ಡದಾದಷ್ಟೂ ಅದರೊಳಗಿನ ಬೆಟ್ಟ ಮತ್ತು ಕಣಿವೆ ಒಂದೇ ಸಮತಟ್ಟು ನೆಲವಾಗಿಬಿಡುತ್ತವೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಚೌಕ 6 ಕಿಲೋಮೀಟರ್ ಅಗಲದ್ದು. ಇದು ದೊಡ್ಡ ಸುಧಾರಣೆ. ಆದರೂ ಕೊಡಗಿನಲ್ಲಿ ಆರು ಕಿಲೋಮೀಟರ್ ಒಳಗೆ ಎರಡು ಬೆಟ್ಟ ಮತ್ತು ಒಂದು ಹೊಳೆ ಇರಬಹುದು. ಇಲಾಖೆಯ ಮುನ್ಸೂಚನೆಯನ್ನು ಅನುಭವಿ ವಿಜ್ಞಾನಿಗಳು ಹಲವು ಮಾದರಿಗಳನ್ನು ಹೋಲಿಸಿ, ಉಪಗ್ರಹದ ಚಿತ್ರಗಳನ್ನೂ ನೋಡಿ ಬರೆಯುತ್ತಾರೆ. ಜೀವಕ್ಕೆ ಸಂಬಂಧಿಸಿದ ತೀರ್ಮಾನಗಳಿಗೆ ಇಲಾಖೆಯ ಮಾತನ್ನೇ ಹಿಡಿಯಬೇಕು. ಬಟ್ಟೆ ಒಣಗಿಸುವುದಕ್ಕೆ ಆ್ಯಪ್ ಸಾಕು.

ನಕ್ಷತ್ರದ ಮಳೆಯ ಲೆಕ್ಕಕ್ಕೂ ಈ ಮುನ್ನೋಟಕ್ಕೂ ಸಂಬಂಧವಿದೆಯೇ?

ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರು ಹದಿನಾಲ್ಕು ದಿನ ಇರುತ್ತಾನೆ ಎಂಬ ಪಂಚಾಂಗದ ಗಣನೆಯ ಮೇಲೆ ಈ ಲೆಕ್ಕ ನಿಂತಿದೆ. ಜೂನ್ ಮೂರನೆಯ ವಾರದ ಹೊತ್ತಿಗೆ ಆರಿದ್ರಾ, ಜುಲೈ ಮೊದಲಲ್ಲಿ ಪುನರ್ವಸು, ನಂತರ ಪುಷ್ಯ, ಆಗಸ್ಟ್ ಮೊದಲಲ್ಲಿ ಆಶ್ಲೇಷ. ತಲೆಮಾರುಗಳ ಅನುಭವದಿಂದ ಬಂದ ಈ ತಿಳಿವಳಿಕೆ ಯಾವ ಹದಿನೈದು ದಿನ ಸರಾಸರಿಯಾಗಿ ಹೇಗಿರುತ್ತದೆ ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಕೊಡವರ ಕಕ್ಕಡ ತಿಂಗಳು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ಮಳೆ ಅತಿ ಬಿರುಸಾಗಿರುವ ದಿನಗಳಲ್ಲೇ ಬರುತ್ತದೆ; ಕಕ್ಕಡದ ಹದಿನೆಂಟರಂದು, ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಮಾಡಿ ಉಣ್ಣುವ ಪದ್ಧತಿಯೂ ಆ ಥಂಡಿಯ ಕಾಲಕ್ಕೆ ಹೊಂದಿಕೊಂಡದ್ದೇ. ಆದರೆ ಈ ವರ್ಷದ ಆಶ್ಲೇಷದಲ್ಲಿ ಬರುವ ಬುಧವಾರ ಎಷ್ಟು ಮಳೆ ಎಂಬ ಪ್ರಶ್ನೆಗೆ ಸರಾಸರಿ ಉತ್ತರ ಕೊಡಲಾರದು. ಅದಕ್ಕೆ ವಾರದ ಮುನ್ನೋಟವೇ ಬೇಕು.

ಬೇಸಿಗೆಯ ಸಿಡಿಲಿನ ಬಗ್ಗೆ ಮುಂಚಿತವಾಗಿ ತಿಳಿಯಬಹುದೇ?

ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನದ ಸಿಡಿಲು ಎಲ್ಲಿ ಬೀಳುತ್ತದೆ ಎಂಬುದನ್ನು ವಾರ ಮುಂಚೆ ಹೇಳಲಾಗದು. ಇಲಾಖೆ ಮೂರು ಗಂಟೆಗಳ ಮಟ್ಟಿಗೆ ಕೊಡುವ ತಕ್ಷಣದ ಮುನ್ಸೂಚನೆಯನ್ನೂ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪನ್ನೂ ನೋಡಬಹುದು. ಗುಡುಗು ಕೇಳಿಸಿತೆಂದರೆ ಕೆಲಸದವರನ್ನು ಮರದಡಿಯಿಂದ ಕರೆದು ಗಟ್ಟಿ ಕಟ್ಟಡದೊಳಗೆ ಸೇರಿಸಬೇಕು. ಸಿಲ್ವರ್ ಮರಕ್ಕೆ ಅಲ್ಯೂಮಿನಿಯಂ ಏಣಿ ಹಾಕಿ ಮೆಣಸು ಕೊಯ್ಯುವುದನ್ನು ಆಗ ಖಂಡಿತ ನಿಲ್ಲಿಸಬೇಕು.

ಕಾಫಿ ತೋಟದ ಕೆಲಸಗಳಿಗೆ ವಾರದ ಮುನ್ನೋಟವನ್ನು ಹೇಗೆ ಬಳಸಿಕೊಳ್ಳಬೇಕು?

ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ರೊಬಸ್ಟಾ ಬೆಳೆಗಾರರು ಹೂಮಳೆಗೆ ಕಾಯುತ್ತಾರೆ. ಮೊಗ್ಗು ಚೆನ್ನಾಗಿ ಅರಳಲು ಸುಮಾರು ಒಂದು ಇಂಚು ಮಳೆ ಬೇಕು. ಹತ್ತಿಪ್ಪತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಅರೆಬರೆಯಾಗುತ್ತದೆ. ಮುನ್ಸೂಚನೆಯಲ್ಲಿ ‘ಒಂದೆರಡು ಕಡೆ ಹಗುರ ಮಳೆ’ ಎಂದಷ್ಟೇ ಇದ್ದರೆ, ನೀರಿನ ಅನುಕೂಲವಿರುವವರು ಸ್ಪ್ರಿಂಕ್ಲರ್ ಹಾಕುವುದನ್ನು ಮುಂದೂಡದಿರುವುದು ಉತ್ತಮ. ಮಳೆ ಬಿದ್ದು ವಾರ ಹತ್ತು ದಿನಕ್ಕೆ ಹೂ ಅರಳುತ್ತದೆ. ರೊಬಸ್ಟಾ ಪರಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಟ್ಟುವ ಗಿಡವಾದ್ದರಿಂದ ಹೂ ಅರಳಿದ ದಿನ ಮಳೆ ಬಂದರೆ ನಷ್ಟ. ಎರಡನೆಯ ವಾರದ ಮುನ್ನೋಟ ನೋಡುವುದು ಇದಕ್ಕಾಗಿ. ಆಮೇಲೆ ಎರಡು ಮೂರು ವಾರಗಳೊಳಗೆ ಕಾಯಿ ನಿಲ್ಲಲು ಇನ್ನೊಂದು ಮಳೆಯಾದರೆ ಒಳ್ಳೆಯದು.

ಮುಂಗಾರಿಗೆ ಮೊದಲು ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸುವವರು ಮೈಲುತುತ್ತ ಮತ್ತು ಸುಣ್ಣ ಎಲೆಯ ಮೇಲೆ ಒಣಗಲು ಬೇಕಾದಷ್ಟು ಗಂಟೆಗಳ ಬಿಡುವಿರುವ ದಿನವನ್ನು ಹುಡುಕಬೇಕು. ಗೊಬ್ಬರ ಹಾಕುವುದಕ್ಕೂ ಅತಿ ಭಾರಿ ಮಳೆಯ ಹಿಂದಿನ ದಿನ ಸೂಕ್ತವಲ್ಲ, ಹಾಕಿದ್ದು ತೋಡಿಗೆ ಹೋಗುತ್ತದೆ. ಜಡಿ ಮಳೆಯ ವಾರದ ನಂತರ ಬಿಡುವು ಕಂಡಕೂಡಲೇ ಕೊಳೆ ರೋಗಕ್ಕಾಗಿ ಗಿಡಗಳನ್ನು ನೋಡಬೇಕು.

ಸ್ವಂತ ಮಳೆ ಮಾಪಕ ಇಟ್ಟುಕೊಳ್ಳುವುದರಿಂದ ಉಪಯೋಗವಿದೆಯೇ?

ಬಹಳ ಉಪಯೋಗವಿದೆ. ಮಾಪಕವನ್ನು ಬಯಲಿನಲ್ಲಿ, ಹತ್ತಿರದ ಮರ ಅಥವಾ ಗೋಡೆಯ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿ ಇಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಿ ಬರೆದಿಡಿ. ಆ ಪುಸ್ತಕವನ್ನು ಇಲಾಖೆಯ ಅಂಕಿಗಳ ಪಕ್ಕದಲ್ಲಿಟ್ಟು ಒಂದೆರಡು ಮಳೆಗಾಲ ನೋಡಿದರೆ, ಜಿಲ್ಲೆಗೆ ‘ಭಾರಿ’ ಎಂದಾಗ ನಿಮ್ಮ ತೋಟಕ್ಕೆ ಸಾಮಾನ್ಯವಾಗಿ ಎಷ್ಟು ಬೀಳುತ್ತದೆ ಎಂಬ ಅಂದಾಜು ನಿಮಗೇ ಬರುತ್ತದೆ. ಕೊಡಗಿನಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಉಳಿಸಿಕೊಂಡಿರುವ ಮನೆಗಳಿವೆ. ಅವನ್ನು ಎಸೆಯದೆ ಮುಂದುವರಿಸಬೇಕೆಂಬುದು ನನ್ನ ಕೋರಿಕೆ.

ಅಕ್ಟೋಬರ್ ಕಳೆದ ಮೇಲೆ ಮುನ್ನೋಟ ನೋಡುವ ಅಗತ್ಯ ಇದೆಯೇ?

ಕಣದಲ್ಲಿ ಕಾಫಿ ಹರಡಿರುವವರಿಗೆ ಖಂಡಿತ ಇದೆ. ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳು ತಮಿಳುನಾಡಿನ ಕರಾವಳಿಗೆ ಬಡಿದ ನಂತರವೂ ಅವುಗಳ ಉಳಿದ ಬಲ ಪಶ್ಚಿಮಕ್ಕೆ ಸರಿದು ಇಲ್ಲಿಗೆ ಮಳೆ ತರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಹೀಗೆಯೇ ಡಿಸೆಂಬರ್ ಮೊದಲ ದಿನಗಳಲ್ಲಿ ಕೊಡಗನ್ನೂ ನೆನೆಸಿತು. ಇಂಥ ಮಳೆಯ ಬಗ್ಗೆ ಎರಡು ಮೂರು ದಿನ ಮುಂಚಿತವಾಗಿ ಸುಳಿವು ಸಿಗುವುದರಿಂದ ಅರೇಬಿಕಾ ಹಣ್ಣು ಕೊಯ್ಯುವುದನ್ನು ಬೇಗ ಮುಗಿಸಲು, ಒಣಗುತ್ತಿರುವ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಲು ಸಮಯ ಉಳಿಯುತ್ತದೆ. ಮುಚ್ಚಿದ ರಾಶಿಯನ್ನು ಮಳೆ ನಿಂತ ಕೂಡಲೇ ಬಿಚ್ಚಿ ಹರಡದಿದ್ದರೆ ಕಾಫಿಗೆ ಬೂಷ್ಟು ಹಿಡಿಯುತ್ತದೆ.